ಸಾಲದ ಕಾಗದವೆಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರೆ, ಕಾನೂನಿನಲ್ಲಿ ಅದು ಯಾವ ಬಗೆಯ ವಂಚನೆ?

ಪ್ರಶ್ನೆ: ಹೊಲದಬದು

ನನ್ನ ತಾಯಿಗೆ ಎಪ್ಪತ್ತು ದಾಟಿದೆ; ಓದು ಬರಹ ಬರುವುದಿಲ್ಲ, ಎಲ್ಲ ಕಾಗದಗಳಿಗೂ ಹೆಬ್ಬೆಟ್ಟೇ ಒತ್ತುತ್ತಾರೆ. ಅಜ್ಜ ತೀರಿಕೊಂಡ ಮೇಲೆ ತವರಿನ ಜಮೀನು ಪವತಿ ಖಾತೆಯ ಮೂಲಕ ತಾಯಿ ಮತ್ತು ಸೋದರಮಾವ ಇಬ್ಬರ ಹೆಸರಿಗೂ ಜಂಟಿಯಾಗಿ ಬಂದಿತ್ತು. 2023ರ ಫೆಬ್ರವರಿಯಲ್ಲಿ ಸೋದರಮಾವ ಮನೆಗೆ ಬಂದು, ಬೆಳೆ ಸಾಲ ತೆಗೆಯಬೇಕಾಗಿದೆ, ಖಾತೆ ಜಂಟಿಯಾಗಿರುವುದರಿಂದ ಅಕ್ಕನ ಒಪ್ಪಿಗೆಯೂ ಬೇಕು ಎಂದು ಹೇಳಿ ತಾಯಿಯನ್ನು ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿ ಫೋಟೊ ತೆಗೆದರು, ಹೆಬ್ಬೆಟ್ಟು ಒತ್ತಿಸಿದರು, ಮಧ್ಯಾಹ್ನ ಊಟ ಮಾಡಿಸಿ ಬಸ್ಸು ಹತ್ತಿಸಿದರು. 2024ರ ನವೆಂಬರಿನಲ್ಲಿ ಬೇರೊಂದು ಕೆಲಸಕ್ಕಾಗಿ ನಾನು ಪಹಣಿ ತೆಗೆಸಿದಾಗ ತಾಯಿಯ ಹೆಸರೇ ಇರಲಿಲ್ಲ. ದೃಢೀಕೃತ ನಕಲು ಪಡೆದು ನೋಡಿದರೆ ಅದು ಹಕ್ಕು ಬಿಡುಗಡೆ ಪತ್ರ. ಅರಿಸಿನ ಕುಂಕುಮದ ಬಾಬ್ತು ಹಣ ಪಡೆದು ಸ್ವಸಂತೋಷದಿಂದ ಹಕ್ಕು ಬಿಟ್ಟಿರುವುದಾಗಿ ಬರೆದಿದೆ. ಹಣ ಬಂದಿಲ್ಲ, ಸಂತೋಷವೂ ಇರಲಿಲ್ಲ.

ಠಾಣೆಯಲ್ಲಿ ವಿಚಾರಿಸಿದಾಗ ಇದು ಸಿವಿಲ್ ವ್ಯಾಜ್ಯವೆಂದರು. ಬಂಧುಗಳು ‘ಫೋರ್‌ಟ್ವೆಂಟಿ’ ಕೇಸು ಹಾಕು ಎನ್ನುತ್ತಾರೆ. ಪರಿಚಿತ ವಕೀಲರೊಬ್ಬರು ಪತ್ರ ಶೂನ್ಯವೋ, ರದ್ದುಪಡಿಸಬಹುದಾದದ್ದೋ ಎಂಬುದನ್ನು ಮೊದಲು ನೋಡಬೇಕೆಂದರು. ವಂಚನೆ ಎಂದರೆ ವಂಚನೆಯೇ ಅಲ್ಲವೇ? ಕಾನೂನಿನಲ್ಲಿ ಇದಕ್ಕೆ ಎಷ್ಟು ಬಗೆಗಳಿವೆ, ಆ ವ್ಯತ್ಯಾಸಗಳಿಂದ ನಮಗೆ ಆಗುವ ಪರಿಣಾಮವೇನು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ: ಹಳೇ ವಕಾಲತ್ತು

ಮಾತಿನಲ್ಲಿ ವಂಚನೆ ಒಂದೇ. ಕಾನೂನಿನಲ್ಲಿ ಮಾತ್ರ ಸುಳ್ಳನ್ನು ಯಾವಾಗ ಹೇಳಿದರು, ಯಾವುದರ ಬಗ್ಗೆ ಹೇಳಿದರು ಎಂಬುದರ ಮೇಲೆ ಅದರ ಹೆಸರೂ ಬದಲಾಗುತ್ತದೆ, ಪರಿಹಾರ ಕೇಳಲು ತಟ್ಟಬೇಕಾದ ಬಾಗಿಲೂ ಬದಲಾಗುತ್ತದೆ. ನಾನು ಸಿವಿಲ್ ಬದಿಯನ್ನಷ್ಟೇ ಹೇಳುತ್ತೇನೆ.

1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು ವಂಚನೆಯನ್ನು ಐದು ಮುಖಗಳಲ್ಲಿ ಹೇಳುತ್ತದೆ. ತಾನೇ ನಂಬದ ಸುಳ್ಳು ಸಂಗತಿಯನ್ನು ನಿಜವೆಂದು ಹೇಳುವುದು, ತಿಳಿದಿರುವ ಸಂಗತಿಯನ್ನು ಬೇಕೆಂದೇ ಮರೆಮಾಚುವುದು, ನಡೆಸಿಕೊಡುವ ಉದ್ದೇಶವೇ ಇಲ್ಲದೆ ಮಾತು ಕೊಡುವುದು, ಮೋಸಗೊಳಿಸಲು ತಕ್ಕುದಾದ ಇನ್ನಾವುದೇ ಕೃತ್ಯ, ಹಾಗೂ ಬೇರೆ ಯಾವುದಾದರೂ ಕಾನೂನು ವಿಶೇಷವಾಗಿ ವಂಚನೆಯೆಂದು ಸಾರಿರುವ ಕೃತ್ಯ ಅಥವಾ ಲೋಪ. ಇದರ ಪಕ್ಕದಲ್ಲೇ, 18ನೆಯ ಕಲಮಿನಲ್ಲಿ, ತಪ್ಪು ನಿರೂಪಣೆ ಇದೆ. ಹೇಳಿದವನು ತನ್ನ ಮಾತು ನಿಜವೆಂದೇ ನಂಬಿದ್ದರೆ, ಮಾತು ಸುಳ್ಳಾಗಿದ್ದರೂ ಅವನು ವಂಚಕನಲ್ಲ. ಈ ಗೆರೆಯನ್ನು ಸ್ಪಷ್ಟಪಡಿಸಿದ್ದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1889ರಲ್ಲಿ ತೀರ್ಮಾನಿಸಿದ ಡೆರಿ ವಿರುದ್ಧ ಪೀಕ್ ಪ್ರಕರಣ. ಹಬೆಯಂತ್ರದಿಂದ ಟ್ರಾಮ್ ಓಡಿಸುವ ಹಕ್ಕು ತಮಗಿದೆಯೆಂದು ಕಂಪನಿಯ ನಿರ್ದೇಶಕರು ಪ್ರಕಟಿಸಿದ್ದರು, ಅನುಮತಿ ಆಮೇಲೆ ಸಿಗಲಿಲ್ಲ. ಆದರೆ ಸಿಗುತ್ತದೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರಿಂದ ಅದು ವಂಚನೆಯಾಗಲಿಲ್ಲ. ನಿಮ್ಮ ಸೋದರಮಾವನಿಗೆ ಈ ಆಸರೆ ಸಿಗದು. ತಾವು ಬರೆಸಿದ ಪತ್ರ ಸಾಲದ್ದೋ ಬಿಡುಗಡೆಯದ್ದೋ ಎಂಬುದರಲ್ಲಿ ಯಾರಿಗೂ ಪ್ರಾಮಾಣಿಕ ತಪ್ಪು ತಿಳಿವಳಿಕೆ ಆಗುವುದಿಲ್ಲ.

ಮೌನದ ಬಗ್ಗೆಯೂ ಒಂದು ಮಾತು, ಏಕೆಂದರೆ ಎದುರುಪಕ್ಷ ನಾಳೆ ‘ನಾವು ಸಾಲದ ಕಾಗದವೆಂದು ಹೇಳಲೇ ಇಲ್ಲ, ಅವರೂ ಕೇಳಲಿಲ್ಲ’ ಎನ್ನಬಹುದು. ಸುಮ್ಮನಿದ್ದ ಮಾತ್ರಕ್ಕೆ ವಂಚನೆಯಾಗುವುದಿಲ್ಲ ಎಂದೇ 17ನೆಯ ಕಲಮಿನ ವಿವರಣೆ ಹೇಳುತ್ತದೆ. ಅಲ್ಲಿನ ದೃಷ್ಟಾಂತದಲ್ಲಿ ಕುದುರೆಯೊಂದಿದೆ. ಹರಾಜಿನಲ್ಲಿ ಅದನ್ನು ಮಾರುವವನು ಅದರ ದೋಷ ತಿಳಿದಿದ್ದೂ ಬಾಯಿ ಬಿಡದಿದ್ದರೆ ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತ ವಯಸ್ಸಿಗೆ ಬಂದ ಅವನ ಸ್ವಂತ ಮಗಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ ಅವನು ಹೇಳಬೇಕಾಗುತ್ತದೆ. ಒಂದೂವರೆ ಶತಮಾನದಿಂದ ಕಾನೂನು ವಿದ್ಯಾರ್ಥಿಗಳನ್ನು ಹೊತ್ತು ತಿರುಗುತ್ತಿರುವ ಈ ಕುದುರೆ ನಿಮ್ಮ ತಾಯಿಯ ಮನೆ ಬಾಗಿಲಿಗೂ ಬಂದು ನಿಲ್ಲುತ್ತದೆ. ಓದಲು ಬಾರದ ಅಕ್ಕ, ವ್ಯವಹಾರ ನೋಡಿಕೊಳ್ಳುವ ತಮ್ಮ: ಇಂಥ ನಂಬಿಕೆಯ ಸಂಬಂಧದಲ್ಲಿ ಮೌನಕ್ಕೆ ರಕ್ಷಣೆಯಿಲ್ಲ. ಇಷ್ಟೇ ಅಲ್ಲ, ನಂಬಿಕೆಯ ಸ್ಥಾನದಲ್ಲಿರುವವನು ಲಾಭ ಪಡೆದಾಗ ಆ ವ್ಯವಹಾರ ಸದ್ಭಾವನೆಯಿಂದ ನಡೆಯಿತೆಂದು ರುಜುವಾತುಪಡಿಸುವ ಹೊಣೆ ಅವನ ಮೇಲೇ ಬೀಳುತ್ತದೆ.

ಇನ್ನು ನಿಮ್ಮ ವಕೀಲರು ಹೇಳಿದ ‘ಶೂನ್ಯವೋ, ರದ್ದುಪಡಿಸಬಹುದಾದದ್ದೋ’ ಎಂಬ ಮಾತು. ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ಸಾಮಾನ್ಯವಾಗಿ ವಂಚನೆಯಿಂದ ಪಡೆದ ಒಪ್ಪಿಗೆ ಕರಾರನ್ನು ಶೂನ್ಯಗೊಳಿಸುವುದಿಲ್ಲ, ಅಂದರೆ ಮೊದಲಿನಿಂದಲೇ ಬಲವಿಲ್ಲದ್ದಾಗಿಸುವುದಿಲ್ಲ. ಮೋಸಹೋದವರು ಬೇಕೆಂದರೆ ಅದನ್ನು ರದ್ದುಪಡಿಸಿಕೊಳ್ಳಬಹುದು, ಅಲ್ಲಿಯವರೆಗೆ ಅದು ಜೀವಂತವಾಗಿರುತ್ತದೆ. ಇದಕ್ಕಿರುವ ದೊಡ್ಡ ಅಪವಾದವನ್ನು ಸುಪ್ರೀಂ ಕೋರ್ಟು 1968ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದ್ದೇ ಆದ ನಿಂಗವ್ವ ವಿರುದ್ಧ ಬೈರಪ್ಪ ಪ್ರಕರಣದಲ್ಲಿ. ಲಿಂಗದಹಳ್ಳಿಯ ಎರಡು ಜಮೀನುಗಳಿಗೆ ಮಾತ್ರ ದಾನಪತ್ರ ಮಾಡಿಕೊಡುತ್ತಿದ್ದೇನೆಂದು ಆಕೆ ನಂಬಿದ್ದರು. ಗಂಡ ಅದರೊಳಗೆ ತಡವಲಗ ಗ್ರಾಮದ ಜಮೀನುಗಳನ್ನೂ ಸೇರಿಸಿಬಿಟ್ಟಿದ್ದರೆಂಬುದು ಆಕೆಯ ದೂರು. ನ್ಯಾಯಾಲಯ ಹೇಳಿದ್ದು ಇಷ್ಟು: ದಸ್ತಾವೇಜಿನ ಸ್ವರೂಪದ ಬಗ್ಗೆಯೇ ಸುಳ್ಳು ಹೇಳಿದ್ದರೆ ವ್ಯವಹಾರ ಶೂನ್ಯ, ಸ್ವರೂಪ ತಿಳಿದಿದ್ದು ಅದರ ಒಳಗಿನ ವಿವರದ ಬಗ್ಗೆ ಸುಳ್ಳು ಹೇಳಿದ್ದರೆ ಅದು ರದ್ದುಪಡಿಸಬಹುದಾದದ್ದು ಮಾತ್ರ. ತಾನು ಬರೆದುಕೊಡುತ್ತಿರುವುದು ದಾನಪತ್ರವೆಂದು ಆಕೆಗೆ ಗೊತ್ತಿದ್ದುದರಿಂದ ತಡವಲಗದ ಜಮೀನುಗಳ ಮಟ್ಟಿಗೆ ಅದು ಎರಡನೆಯ ವರ್ಗಕ್ಕೆ ಸೇರಿತು, ದಾವೆಯನ್ನು ಕಾಲಮಿತಿಯೊಳಗೆ ತರಬೇಕಾಗಿತ್ತು ಎಂದಾಯಿತು.

ನಿಮ್ಮ ತಾಯಿಯ ಸಂಗತಿ ಮೊದಲನೆಯ ವರ್ಗಕ್ಕೆ ಹತ್ತಿರ. ಹೊಲದ ಸರ್ವೆ ನಂಬರಿನ ಬಗ್ಗೆ ಅಲ್ಲ, ಕಾಗದ ಯಾವುದೆಂಬುದರ ಬಗ್ಗೆಯೇ ಸುಳ್ಳು ಹೇಳಲಾಗಿದೆ. ಇದರಿಂದ ಆಗುವ ಪ್ರಯೋಜನ ದೊಡ್ಡದು: ಸೋದರಮಾವ ಆ ಜಮೀನನ್ನು ಏನೂ ತಿಳಿಯದ ಮೂರನೆಯವರಿಗೆ ಮಾರಿದ್ದರೂ, ಶೂನ್ಯವಾದ ಪತ್ರದಿಂದ ಅವರಿಗೆ ತಾಯಿಯ ಹಕ್ಕು ದಾಟುವುದಿಲ್ಲ. ರದ್ದುಪಡಿಸಬಹುದಾದ ಪತ್ರವಾಗಿದ್ದರೆ ಅಂಥ ಖರೀದಿದಾರರಿಗೆ ರಕ್ಷಣೆ ಸಿಗುವ ಸಾಧ್ಯತೆ ಇರುತ್ತದೆ. ಹೀಗಿದ್ದರೂ ‘ಶೂನ್ಯವಾದದ್ದಕ್ಕೆ ದಾವೆ ಏಕೆ’ ಎಂದು ಕೈಕಟ್ಟಿ ಕೂರಬೇಡಿ. ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು ತಾಯಿಯೇ ಆದ್ದರಿಂದ ನಿರ್ದಿಷ್ಟ ಪರಿಹಾರ ಅಧಿನಿಯಮದ 31ನೆಯ ಕಲಮಿನಡಿ ಅದನ್ನು ರದ್ದುಪಡಿಸುವಂತೆ ಕೇಳಬೇಕು. ಅದಕ್ಕೆ ಕಾಲಮಿತಿ, ವಂಚನೆಯ ಸಂಗತಿ ಮೊದಲು ತಿಳಿದ ದಿನದಿಂದ ಮೂರು ವರ್ಷ. ನೋಂದಣಿಯ ದಿನದಿಂದಲೇ ಎಣಿಸಬೇಕೆಂದು ಎದುರುಪಕ್ಷ ವಾದಿಸುತ್ತದೆ. ಆ ಲೆಕ್ಕದ ಮೂರು ವರ್ಷದೊಳಗೇ ದಾವೆ ಹೂಡಿದರೆ ಆ ವಾದಕ್ಕೆ ನೆಲೆಯೇ ಇರುವುದಿಲ್ಲ.

ವಾದಪತ್ರದಲ್ಲಿ ‘ಪ್ರತಿವಾದಿಯು ಮೋಸ ಮಾಡಿರುತ್ತಾನೆ’ ಎಂದು ಒಂದು ಸಾಲು ಬರೆದು ಮುಗಿಸುವ ವಕೀಲರು ನಮ್ಮಲ್ಲಿ ಕಡಿಮೆಯಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೆಯ ಆದೇಶದ 4ನೆಯ ನಿಯಮದಂತೆ ಯಾರು, ಯಾವ ದಿನ, ಎಲ್ಲಿ, ಯಾವ ಮಾತು ಹೇಳಿದರು ಎಂಬ ವಿವರ ಇರಲೇಬೇಕು. ಅನುಚಿತ ಪ್ರಭಾವವನ್ನೂ (ನಂಬಿಕೆಯ ಸ್ಥಾನವನ್ನು ಬಳಸಿ ಒಪ್ಪಿಸುವುದು) ಪರ್ಯಾಯವಾಗಿ ಹೇಳುವುದಾದರೆ ಅದಕ್ಕೂ ಪ್ರತ್ಯೇಕ ವಿವರ ಕೊಡಿ. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ಉತ್ತರ: ಪತ್ರಬರಹ

ನಾನು ಇಪ್ಪತ್ತು ವರ್ಷಗಳಿಂದ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವ ಕೆಲಸದಲ್ಲಿದ್ದೇನೆ. ಜನರಿಗೆ ಒಂದು ತಪ್ಪು ಕಲ್ಪನೆ ಇದೆ: ಉಪನೋಂದಣಾಧಿಕಾರಿಯ ಮುಂದೆ ನಡೆದದ್ದರಿಂದ ಸರ್ಕಾರವೇ ಪರಿಶೀಲಿಸಿ ಒಪ್ಪಿದಂತಾಯಿತು ಎನ್ನುತ್ತಾರೆ. ಅಧಿಕಾರಿ ಮುಖ್ಯವಾಗಿ ನೋಡುವುದು, ಬಂದಿರುವ ವ್ಯಕ್ತಿ ಪತ್ರದಲ್ಲಿ ಹೆಸರಿರುವವರೇ, ಬರೆದುಕೊಟ್ಟಿರುವುದನ್ನು ಅವರು ಒಪ್ಪುತ್ತಾರೆಯೇ ಎಂಬುದನ್ನು. ಮನೆಯಲ್ಲಿ ಯಾರು ಏನು ಹೇಳಿ ಕರೆತಂದರು ಎಂಬುದು ಅವರ ಕಣ್ಣಿಗೆ ಬೀಳುವ ವಿಷಯವಲ್ಲ. ‘ಬರೆದುಕೊಟ್ಟಿದ್ದೀರಾ ಅಮ್ಮಾ’ ಎಂದು ಕೇಳುತ್ತಾರೆ, ಪಕ್ಕದಲ್ಲಿ ನಿಂತ ತಮ್ಮನ ಮುಖ ನೋಡಿ ‘ಹೂಂ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಆದ್ದರಿಂದ ನಕಲಿನ ಕೊನೆಯ ಪುಟ ನೋಡಿ. ಹೆಬ್ಬೆಟ್ಟಿನವರ ಪತ್ರವಾದರೆ ‘ಓದಿ ಹೇಳಲಾಗಿ, ಕೇಳಿ ತಿಳಿದು ಒಪ್ಪಿದ್ದಾರೆ’ ಎಂಬ ಷರಾ ಇರುವುದು ವಾಡಿಕೆ, ಓದಿ ಹೇಳಿದವರು ಯಾರೆಂದೂ ಬರೆಯುತ್ತೇವೆ. ಆ ಷರಾ ಇಲ್ಲದಿದ್ದರೆ ಅದು ನಿಮಗೆ ಅನುಕೂಲ. ಇದ್ದರೆ ಆ ವ್ಯಕ್ತಿಯನ್ನು ಪಾಟೀಸವಾಲಿಗೆ ಗುರಿಪಡಿಸಬೇಕಾಗುತ್ತದೆ. ಸಾಕ್ಷಿಗಳಿಬ್ಬರೂ ಸೋದರಮಾವನ ಕಡೆಯವರೇ ಆಗಿದ್ದಾರೆಯೇ, ಹಣ ನಗದಿನಲ್ಲಿ ಕೊಟ್ಟುದಾಗಿ ಬರೆದಿದೆಯೇ ಎಂಬುದನ್ನೂ ನೋಡಿ. ಹಾಗೆಯೇ ಆ ವರ್ಷ ಅವರು ಯಾವುದಾದರೂ ಬ್ಯಾಂಕಿನಲ್ಲಿ ಅಥವಾ ಸಹಕಾರ ಸಂಘದಲ್ಲಿ ನಿಜವಾಗಿ ಬೆಳೆ ಸಾಲ ತೆಗೆದಿದ್ದಾರೆಯೇ ಎಂದು ಋಣಭಾರ ಪತ್ರ ಮತ್ತು ಪಹಣಿಯ ಋಣದ ಕಾಲಮಿನಲ್ಲಿ ಪರಿಶೀಲಿಸಿ. ಸಾಲವೇ ಇಲ್ಲದಿದ್ದರೆ ಹೇಳಿದ ಸುಳ್ಳು ಇನ್ನಷ್ಟು ಬಯಲಾಗುತ್ತದೆ.

ಉತ್ತರ: ಕೆಳಕೋರ್ಟು

ಕ್ರಿಮಿನಲ್ ಬದಿಯ ಬಗ್ಗೆ ಹೇಳುತ್ತೇನೆ. ಪತ್ರ 2023ರ ಫೆಬ್ರವರಿಯದ್ದು, ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಆದ್ದರಿಂದ ನಿಮ್ಮ ಪ್ರಕರಣಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಜನರ ಬಾಯಲ್ಲಿರುವ 420 ಹೊಸ ಸಂಹಿತೆಯಲ್ಲಿ 318ನೆಯ ಕಲಮಿನ 4ನೆಯ ಉಪಕಲಮಾಗಿದೆ. ಏಳು ವರ್ಷದವರೆಗಿನ ಶಿಕ್ಷೆ ಹಾಗೆಯೇ ಉಳಿದಿದೆ. ಬೈಗುಳವಾಗಿ ‘ತ್ರೀ ಎಯ್ಟೀನ್’ ಎಂದು ಯಾರೂ ಹೇಳಲಾರರು, ಅದು ಬೇರೆ ಮಾತು.

ಈ ಅಪರಾಧದ ಜೀವಾಳ ಸಮಯ. ಮಾತು ಕೊಟ್ಟ ಗಳಿಗೆಯಲ್ಲೇ ಮೋಸದ ಉದ್ದೇಶ ಇರಬೇಕು. ಒಳ್ಳೆಯ ಮನಸ್ಸಿನಿಂದಲೇ ಒಪ್ಪಂದ ಮಾಡಿಕೊಂಡು ಆಮೇಲೆ ತಪ್ಪಿದರೆ ಅದು ಕರಾರು ಭಂಗ, ಮೋಸವಲ್ಲ ಎಂದು ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಸ್ಪಷ್ಟಪಡಿಸಿದೆ. ನಂಬಿಕೆ ದ್ರೋಹ ಇದಕ್ಕೆ ತಿರುಗುಮುರುಗು: ಅಲ್ಲಿ ಆಸ್ತಿಯನ್ನು ನ್ಯಾಯವಾಗಿಯೇ ಒಪ್ಪಿಸಿರುತ್ತಾರೆ, ಕೈಗೆ ಬಂದ ಮೇಲೆ ಮನಸ್ಸು ಕೆಡುತ್ತದೆ. ಒಂದೇ ಸಂಗತಿಗೆ ಈ ಎರಡನ್ನೂ ಒಟ್ಟಿಗೆ ಹೊರಿಸುವ ಪೊಲೀಸರ ರೂಢಿಯನ್ನು ಸುಪ್ರೀಂ ಕೋರ್ಟು 2024ರ ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಟೀಕಿಸಿದೆ. ಸೋದರಮಾವ ಇಷ್ಟು ವರ್ಷ ಬೆಳೆಯ ಪಾಲು ಕೊಡದೆ ಇಟ್ಟುಕೊಂಡದ್ದರ ಸಿಟ್ಟನ್ನು ಇದೇ ದೂರಿನಲ್ಲಿ ತುರುಕಬೇಡಿ, ದೂರು ದುರ್ಬಲವಾಗುತ್ತದೆ.

ಇನ್ನೊಂದು ಮುಖ್ಯ ಅಂಶ ಖೋಟಾ ದಸ್ತಾವೇಜಿನದು. ಹೆಬ್ಬೆಟ್ಟು ತಾಯಿಯದ್ದೇ ಆದ್ದರಿಂದ ಖೋಟಾ ಎನ್ನುವಂತಿಲ್ಲ ಎಂದು ಠಾಣೆಯಲ್ಲಿ ಹೇಳಿರಬಹುದು. ಇದು ಅರ್ಧ ಸತ್ಯ. ಇನ್ನೊಬ್ಬರ ಹೆಸರಿನಲ್ಲಿ ಸಹಿ ಮಾಡುವುದು, ಸಹಿಯಾದ ಮೇಲೆ ಪತ್ರವನ್ನು ತಿದ್ದುವುದು, ಇವೆರಡರ ಜೊತೆಗೆ ದಂಡ ಸಂಹಿತೆಯ 464ನೆಯ ಕಲಮಿನಲ್ಲಿ ಮೂರನೆಯ ಬಗೆಯೂ ಇದೆ: ವಂಚನೆಗೆ ಒಳಗಾದ ಕಾರಣದಿಂದ ಪತ್ರದಲ್ಲೇನಿದೆ ಎಂಬುದನ್ನು ಅರಿಯದ ವ್ಯಕ್ತಿಯಿಂದ, ಅದು ಗೊತ್ತಿದ್ದೂ ಸಹಿ ಮಾಡಿಸುವುದು. ನಿಜವಾದ ಹೆಬ್ಬೆಟ್ಟಿರುವ ಪತ್ರವೂ ಹೀಗೆ ಸುಳ್ಳು ದಸ್ತಾವೇಜಾಗಬಲ್ಲದು. ಆದರೆ ಎಲ್ಲ ಸುಳ್ಳು ಪತ್ರವೂ ಖೋಟಾ ಅಲ್ಲ ಎಂಬುದನ್ನೂ ನೆನಪಿಡಿ. 2009ರ ಮೊಹಮ್ಮದ್ ಇಬ್ರಾಹಿಂ ಪ್ರಕರಣದಂತೆ, ತನ್ನದಲ್ಲದ ಜಮೀನನ್ನು ತನ್ನದೆಂದು ಹೇಳಿ ತನ್ನ ಹೆಸರಿನಲ್ಲೇ ಕ್ರಯಪತ್ರ ಬರೆದುಕೊಟ್ಟವನು ಖೋಟಾ ದಸ್ತಾವೇಜು ಸೃಷ್ಟಿಸಿದಂತಾಗುವುದಿಲ್ಲ. ಅವನ ಮೇಲೆ ಮೋಸದ ದೂರು ಕೊಡಬೇಕಾದವನು ಹಣ ಕಳೆದುಕೊಂಡ ಖರೀದಿದಾರ.

ಠಾಣೆಯವರು ತೆಗೆದುಕೊಳ್ಳದಿದ್ದರೆ ದೂರನ್ನು ಪೊಲೀಸ್ ಅಧೀಕ್ಷಕರಿಗೆ ಬರವಣಿಗೆಯಲ್ಲಿ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ‘ಸಿವಿಲ್ ವ್ಯಾಜ್ಯ’ ಎಂಬ ಮಾತು ಕಾನೂನಿನ ಉತ್ತರವಲ್ಲ. ಒಂದೇ ಸಂಗತಿಯಿಂದ ಸಿವಿಲ್ ಹಕ್ಕೂ ಕ್ರಿಮಿನಲ್ ಹೊಣೆಯೂ ಹುಟ್ಟಬಹುದು.

ಉತ್ತರ: ಜಮಾಖರ್ಚು

ಪ್ರಶ್ನೆಯಲ್ಲಿ ‘ಎಷ್ಟು ಬಗೆ’ ಎಂದೂ ಇರುವುದರಿಂದ ಎರಡು ಮಾತು ಸೇರಿಸುತ್ತೇನೆ. ಸಾಲ ಕೊಟ್ಟವರಿಗೆ ಸಿಗದಂತೆ ಆಸ್ತಿಯನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡುವುದು ಸ್ವತ್ತು ವರ್ಗಾವಣೆ ಅಧಿನಿಯಮದ 53ನೆಯ ಕಲಮಿನ ವಂಚನೆ. ಅಲ್ಲಿ ಕೊಟ್ಟವರೂ ಪಡೆದವರೂ ಒಂದೇ ಕಡೆ ಇರುತ್ತಾರೆ, ಮೋಸಹೋಗುವವನು ಪತ್ರದ ಹೊರಗಿರುತ್ತಾನೆ. ಕಂಪನಿಗಳ ವಿಷಯದಲ್ಲಿ, ಸತ್ಯಂ ಹಗರಣ 2009ರಲ್ಲಿ ಬಯಲಾದ ಬಳಿಕ ಬಂದ 2013ರ ಕಂಪನಿಗಳ ಅಧಿನಿಯಮದ 447ನೆಯ ಕಲಮು ಎಲ್ಲಕ್ಕಿಂತ ವಿಶಾಲವಾಗಿದೆ. ಯಾರಿಗೂ ನಷ್ಟವಾಗದಿದ್ದರೂ, ಯಾರಿಗೂ ಲಾಭವಾಗದಿದ್ದರೂ ವಂಚನೆ ವಂಚನೆಯೇ ಎನ್ನುತ್ತದೆ.

ನಿಮಗೆ ಹೆಚ್ಚು ಹತ್ತಿರವಾದದ್ದು ನ್ಯಾಯಾಲಯಕ್ಕೇ ಮಾಡುವ ವಂಚನೆ. ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ವಾದಿಯು ತಾನೇ ಬರೆದುಕೊಟ್ಟಿದ್ದ ಬಿಡುಗಡೆ ಪತ್ರವನ್ನು ಮುಚ್ಚಿಟ್ಟು ಆಸ್ತಿ ವಿಭಾಗದ ಡಿಕ್ರಿ (ದಾವೆಯಲ್ಲಿ ನ್ಯಾಯಾಲಯ ಕೊಡುವ ತೀರ್ಮಾನದ ಆದೇಶ) ಪಡೆದಿದ್ದ. ಸತ್ಯವನ್ನೆಲ್ಲ ಹೇಳುವ ಹೊಣೆ ವಾದಿಗಿಲ್ಲವೆಂದು ಹೈಕೋರ್ಟು ಭಾವಿಸಿತ್ತು. ಸುಪ್ರೀಂ ಕೋರ್ಟು 1993ರಲ್ಲಿ ಅದನ್ನು ತಳ್ಳಿಹಾಕಿ, ವಂಚನೆಯಿಂದ ಪಡೆದ ಡಿಕ್ರಿ ಶೂನ್ಯ, ಅದನ್ನು ಯಾವ ನ್ಯಾಯಾಲಯದಲ್ಲಾದರೂ ಪ್ರಶ್ನಿಸಬಹುದು ಎಂದಿತು. ನಿಮ್ಮ ತಾಯಿಯ ಹೆಬ್ಬೆಟ್ಟನ್ನು ಅದೇ ದಿನ ಬೇರೆ ಕಾಗದಗಳಿಗೂ, ಉದಾಹರಣೆಗೆ ವಕಾಲತ್ತು ನಾಮೆಗೋ ರಾಜಿ ಅರ್ಜಿಗೋ, ಒತ್ತಿಸಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ರಾಜಿ ಡಿಕ್ರಿಯೇನಾದರೂ ಆಗಿದ್ದರೆ ಬೇರೆ ದಾವೆ ಹೂಡಲು ಬರುವುದಿಲ್ಲ, ಡಿಕ್ರಿ ಮಾಡಿದ ನ್ಯಾಯಾಲಯಕ್ಕೇ ಹೋಗಬೇಕು.

ಹೊಲದಬದು:

ಎಲ್ಲರಿಗೂ ಕೃತಜ್ಞತೆ. ಸೂಚಿಸಿದಂತೆ ಪರಿಶೀಲಿಸಿದೆ. ರಾಜಿ ಡಿಕ್ರಿ ಯಾವುದೂ ಇಲ್ಲ. ಋಣಭಾರ ಪತ್ರದಲ್ಲೂ ಪಹಣಿಯಲ್ಲೂ 2023ರ ನಂತರ ಯಾವ ಸಾಲದ ನಮೂದೂ ಇಲ್ಲ. ‘ಓದಿ ಹೇಳಲಾಗಿ’ ಎಂಬ ಷರಾ ಇದೆ, ಓದಿ ಹೇಳಿದವರು ಸೋದರಮಾವನ ಅಳಿಯ. ತಾಲ್ಲೂಕು ಕಚೇರಿಯಿಂದ ಮ್ಯುಟೇಷನ್ (ಖಾತೆ ಬದಲಾವಣೆ) ಕಡತದ ನಕಲನ್ನೂ ಪಡೆದೆ. ಆಕ್ಷೇಪಣೆ ಇದ್ದರೆ ತಿಳಿಸುವಂತೆ 2023ರ ಏಪ್ರಿಲಿನಲ್ಲಿ ತಾಯಿಗೆ ನೋಟಿಸು ಹೊರಡಿಸಿದ್ದಾರೆ. ಅದು ತಲುಪಿದ್ದಕ್ಕೆ ಸ್ವೀಕೃತಿಯ ಜಾಗದಲ್ಲಿ ತಾಯಿಯ ಹೆಸರಿನ ಸಹಿ ಇದೆ, ಕನ್ನಡದಲ್ಲಿ, ದುಂಡಗೆ. ತಾಯಿಗೆ ಸಹಿ ಮಾಡಲು ಬರುವುದೇ ಇಲ್ಲ.

ಉತ್ತರ: ಹಳೇ ವಕಾಲತ್ತು

ಆ ನೋಟಿಸೇ ಎದುರುಪಕ್ಷದ ಕಾಲಮಿತಿ ವಾದಕ್ಕೆ ಆಧಾರವಾಗುವುದರಲ್ಲಿತ್ತು. 2023ರ ಏಪ್ರಿಲಿನಲ್ಲೇ ತಾಯಿಗೆ ಎಲ್ಲವೂ ತಿಳಿದಿತ್ತೆಂದು ಅವರು ಅದನ್ನೇ ತೋರಿಸುತ್ತಿದ್ದರು. ಈಗ ಅದು ಅವರ ಕೈಯಿಂದ ಜಾರಿದೆ. ಇದು ಬಿಡುಗಡೆ ಪತ್ರದ ವಂಚನೆಗಿಂತ ಬೇರೆಯಾದದ್ದು ಎಂಬುದನ್ನು ಗಮನಿಸಿ: ಪತ್ರದಲ್ಲಿ ಬೆರಳು ನಿಜ, ಒಪ್ಪಿಗೆ ಸುಳ್ಳು, ಇಲ್ಲಿ ಸಹಿಯೇ ಸುಳ್ಳು. ಮೇಲೆ ಹೇಳಿದ ಮೂರು ಬಗೆಗಳಲ್ಲಿ ಇದು ಮೊದಲನೆಯದು, ನೇರವಾದ ಖೋಟಾ ಸಹಿ. ಸಹಿ ಮಾಡಿದವರು ಯಾರೆಂಬುದು ತನಿಖೆಯಿಂದ ತಿಳಿಯಬೇಕು, ಸೋದರಮಾವನೇ ಎಂದು ದೂರಿನಲ್ಲಿ ನೀವಾಗಿ ಬರೆಯಬೇಡಿ.

ಕ್ರಿಮಿನಲ್ ದೂರಿನಲ್ಲಿ ಇದನ್ನು ಪ್ರತ್ಯೇಕ ಕಂಡಿಕೆಯಾಗಿ ಬರೆಸಿ. ಸಿವಿಲ್ ದಾವೆಯಲ್ಲಿ ಮ್ಯುಟೇಷನ್ ಕಡತದ ಮೂಲವನ್ನು ತರಿಸುವಂತೆ ಅರ್ಜಿ ಹಾಕಿಸಿ, ನಕಲಿನ ಮೇಲೆ ಕೈಬರಹ ತಜ್ಞರು ಖಚಿತವಾಗಿ ಹೇಳುವುದು ಕಷ್ಟ. ತಾಯಿಯ ಪಿಂಚಣಿ, ಪಡಿತರ ಚೀಟಿ, ಬ್ಯಾಂಕ್ ಖಾತೆಯ ಅರ್ಜಿಗಳಲ್ಲೆಲ್ಲ 2023ಕ್ಕೂ ಮೊದಲಿನಿಂದ ಹೆಬ್ಬೆಟ್ಟೇ ಇರುವುದನ್ನು ತೋರಿಸುವ ದೃಢೀಕೃತ ನಕಲುಗಳನ್ನು ಈಗಲೇ ಸಂಗ್ರಹಿಸಿ. ದಾವೆಯ ಜೊತೆಗೇ ಪರಭಾರೆ ತಡೆಯುವ ತಾತ್ಕಾಲಿಕ ಪ್ರತಿಬಂಧಕಾಜ್ಞೆಯನ್ನೂ ಕೇಳಿ. ಆಜ್ಞೆ ತಡವಾದರೂ, ದಾವೆ ದಾಖಲಾದ ಮೇಲೆ ಕೊಳ್ಳುವವರು ಅದರ ತೀರ್ಪಿಗೆ ಬದ್ಧರಾಗಿರುತ್ತಾರೆ. ಅದಕ್ಕಿಂತ ಮೊದಲು ಕೊಂಡವರೊಡನೆ ಮಾತ್ರ ಬೇರೆಯಾಗಿ ಹೋರಾಡಬೇಕಾಗುತ್ತದೆ, ಆದ್ದರಿಂದ ದಾವೆ ಹೂಡುವ ದಿನ ಬೆಳಿಗ್ಗೆಯೇ ಋಣಭಾರ ಪತ್ರವನ್ನು ಮತ್ತೊಮ್ಮೆ ತೆಗೆಸಿ ನೋಡಿ.